ಇಮೇಲ್ ಖಾತೆಯಲ್ಲಿ ಬೆಳೆದ ಟ್ಯಾಗ್‌ಗಳ ಕಾಡು: ತಪಾಸಣೆ ಮಾಡಿ ಶುಚಿಗೊಳಿಸಲು ಸಮಗ್ರ ಮಾರ್ಗದರ್ಶಿ

‘ದೀಪಾವಳಿ’, ‘ದೀಪಾವಳಿ 2022’, ‘ದೀಪಾವಳಿ ಆಫರ್’, ‘ದೀಪಾವಳಿ ಆಫರ್ ಹೊಸದು’, ‘ದೀಪಾವಳಿ ಫೈನಲ್’. ಇವೆಲ್ಲ, ಗ್ರಾಹಕರಿಗೆ ಒಟ್ಟಿಗೆ ಮೇಲ್ ಕಳಿಸುವ ಸಾಧನದ ಒಂದೇ ಖಾತೆಯಲ್ಲಿ ಗ್ರಾಹಕರ ವಿಳಾಸಗಳಿಗೆ ಹಚ್ಚಿದ ಗುರುತುಗಳು, ಅಂದರೆ ಟ್ಯಾಗ್‌ಗಳು. ಕೆಳಗೆ ಇಳಿದರೆ ‘ದಾವಣಗೆರೆ’ ಇದೆ, ‘ದಾವಣಗೇರಿ’ ಇದೆ, ಜೊತೆಗೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಇನ್ನೆರಡು ದಾವಣಗೆರೆಗಳಿವೆ. ಒಂದರ ನಡುವೆ ‘ಎ’ ಅಕ್ಷರ ಉಂಟು, ಇನ್ನೊಂದರಲ್ಲಿ ಇಲ್ಲ. ಆಮೇಲೆ ‘ವಿಐಪಿ’, ‘ಟೆಸ್ಟ್’, ‘ಟೆಸ್ಟ್ 2’, ‘ಕಳಿಸಬೇಡಿ’. ಈ ಕೊನೆಯದನ್ನು ಯಾರು, ಯಾಕೆ ಹಾಕಿದರು ಎಂದು ಕೇಳಿದರೆ ‘ಮೊದಲು ಕೆಲಸಕ್ಕಿದ್ದ ಹುಡುಗ ಹಾಕಿದ್ದು ಸಾರ್, ನಮಗೆ ಗೊತ್ತಿಲ್ಲ’ ಎಂಬ ಉತ್ತರ ಬರುತ್ತದೆ.

ನಮ್ಮ ಊರು ದಾವಣಗೆರೆಯ ಜವಳಿ ಅಂಗಡಿ, ತರಬೇತಿ ಕೇಂದ್ರ, ಬೀಜ-ಗೊಬ್ಬರದ ವ್ಯಾಪಾರ, ಎಲ್ಲಿಯ ಖಾತೆ ತೆರೆದರೂ ಕಾಣುವುದು ಹೆಚ್ಚು ಕಡಿಮೆ ಇದೇ. ವಿವರಣೆಯ ಅನುಕೂಲಕ್ಕೆ ಮಂಡಿಪೇಟೆ ಕಡೆಯ ಒಂದು ಜವಳಿ ಅಂಗಡಿಯನ್ನು ಕಲ್ಪಿಸಿಕೊಳ್ಳೋಣ. ಮೊಳಕಾಲ್ಮೂರು ರೇಷ್ಮೆ ಸೀರೆ, ಇಳಕಲ್ ಸೀರೆ, ಕಾಟನ್ ಡ್ರೆಸ್ ಮೆಟೀರಿಯಲ್ ಅವರ ಮುಖ್ಯ ಮಾಲು. ಕೌಂಟರಿನಲ್ಲೂ ಮಾರುತ್ತಾರೆ, ವೆಬ್‌ಸೈಟಿನಲ್ಲೂ ಮಾರುತ್ತಾರೆ. ಗ್ರಾಹಕರ ಇಮೇಲ್ ವಿಳಾಸಗಳು ಬರುವುದು ಮೂರು ಬಾಗಿಲುಗಳಿಂದ: ಬಿಲ್ ಮಾಡುವ ಕೌಂಟರ್, ವೆಬ್‌ಸೈಟಿನ ಫಾರ್ಮ್, ವಸ್ತುಪ್ರದರ್ಶನದ ಮಳಿಗೆಯಲ್ಲಿಟ್ಟ ನೋಟ್‌ಬುಕ್. ಮೂರು ಬಾಗಿಲಿನಲ್ಲೂ ಬೇರೆ ಬೇರೆ ಜನ, ಒಬ್ಬೊಬ್ಬರದೂ ಒಂದೊಂದು ಬರವಣಿಗೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಟ್ಯಾಗ್‌ನ ಮೇಲೆ ಯಾವುದಾದರೂ ಮೇಲ್, ಆಟೊಮೇಶನ್ (ತಾನಾಗಿ ಮೇಲ್ ಹೋಗುವಂತೆ ಮಾಡಿಟ್ಟ ವ್ಯವಸ್ಥೆ) ಅಥವಾ ವ್ಯಾಪಾರದ ನಿರ್ಧಾರ ನಿಂತಿದ್ದರೆ ಮಾತ್ರ ಅದು ಖಾತೆಯಲ್ಲಿರಬೇಕು. ಉಳಿದವು ಆಟಕ್ಕುಂಟು ಲೆಕ್ಕಕ್ಕಿಲ್ಲ. ಆದರೆ ಯಾವುದರ ಮೇಲೆ ಏನು ನಿಂತಿದೆ ಎಂದು ನೋಡದೆ ಕೈಹಾಕಿದರೆ ಕಸದ ಜೊತೆ ಕಾಳೂ ಹೋಗುತ್ತದೆ. ಆದ್ದರಿಂದ ಈ ಕೆಲಸದಲ್ಲಿ ಹೆಚ್ಚಿನ ಸಮಯ ಹೋಗಬೇಕಾದದ್ದು ನೋಡುವುದಕ್ಕೆ. ಅಳಿಸುವುದು ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ.

ಟ್ಯಾಗ್ ಯಾವುದು, ಟ್ಯಾಗ್ ಅಲ್ಲದ್ದು ಯಾವುದು

ಅವ್ಯವಸ್ಥೆಯ ಅರ್ಧ ಪಾಲು ಹುಟ್ಟುವುದು ಇಲ್ಲೇ. ಮೇಲ್‌ಚಿಂಪ್, ಜೋಹೊ ಕ್ಯಾಂಪೇನ್ಸ್, ಆಕ್ಟಿವ್‌ಕ್ಯಾಂಪೇನ್, 2024ರಲ್ಲಿ ಕಿಟ್ ಎಂದು ಹೆಸರು ಬದಲಿಸಿಕೊಂಡ ಕನ್ವರ್ಟ್‌ಕಿಟ್, ಹೀಗೆ ಯಾವ ಸಾಧನವಾದರೂ ಗ್ರಾಹಕರನ್ನು ವಿಂಗಡಿಸಲು ಒಂದಕ್ಕಿಂತ ಹೆಚ್ಚು ದಾರಿ ಕೊಡುತ್ತದೆ. ಬ್ರೆವೊದಂಥ ಸಾಧನದಲ್ಲಿ ಈ ಕೆಲಸ ಮುಖ್ಯವಾಗಿ ಪಟ್ಟಿ ಮತ್ತು ಅಟ್ರಿಬ್ಯೂಟ್‌ಗಳಲ್ಲಿ, ಅಂದರೆ ಗ್ರಾಹಕರ ವಿವರದ ಕಾಲಂಗಳಲ್ಲಿ, ನಡೆಯುತ್ತದೆ. ಹೆಸರು ಏನೇ ಇರಲಿ, ಒಳಗಿನ ಭೇದ ಸರಳ. ಒಬ್ಬರಿಗೆ ಒಂದೇ ಉತ್ತರವಿರುವ ಸಂಗತಿ ಕಾಲಂಗೆ ಸೇರಬೇಕು: ಊರು, ಪಿನ್ ಕೋಡ್, ಹುಟ್ಟಿದ ದಿನ, ಕೊನೆಯ ಖರೀದಿಯ ದಿನಾಂಕ. ಇದೆ ಅಥವಾ ಇಲ್ಲ ಎಂಬಷ್ಟೇ ಆಗಿದ್ದು, ಒಬ್ಬರಿಗೆ ಹಲವು ಅನ್ವಯಿಸಬಹುದಾದದ್ದು ಟ್ಯಾಗ್: ರೇಷ್ಮೆಯಲ್ಲಿ ಆಸಕ್ತಿ, ಸಗಟು ಖರೀದಿದಾರರು. ಗ್ರಾಹಕರೇ ಫಾರ್ಮಿನಲ್ಲಿ ಗುರುತು ಹಾಕಿ ಆರಿಸಿಕೊಂಡದ್ದನ್ನು ಮೇಲ್‌ಚಿಂಪ್ ಗುಂಪು ಎನ್ನುತ್ತದೆ; ಅಲ್ಲಿ ಟ್ಯಾಗ್ ಎಂಬುದು ನಮ್ಮ ಒಳಗಿನ ಗುರುತು, ಗ್ರಾಹಕರಿಗೆ ಕಾಣುವಂಥದ್ದಲ್ಲ. ಇನ್ನು ಸೆಗ್ಮೆಂಟ್ ಎಂದರೆ ಒಂದು ಪ್ರಶ್ನೆ. ‘ಕಳೆದ ಆರು ತಿಂಗಳಲ್ಲಿ ಕೊಂಡವರು, ರೇಷ್ಮೆಯಲ್ಲಿ ಆಸಕ್ತಿ ಇರುವವರು’ ಎಂದು ಕೇಳಿದರೆ ಸಾಧನವೇ ಆ ಹೊತ್ತಿನ ಲೆಕ್ಕ ಹಾಕಿ ಕೊಡುತ್ತದೆ.

‘ಆರು ತಿಂಗಳಲ್ಲಿ ಕೊಂಡವರು’ ಎಂಬ ಟ್ಯಾಗ್ ಮಾಡಿಟ್ಟವರನ್ನು ನೋಡಿದ್ದೇನೆ. ಟ್ಯಾಗ್ ಹಾಕಿದ ಮರುದಿನದಿಂದಲೇ ಅದು ಹಳಸಲು ಶುರುವಾಗುತ್ತದೆ. ಕಾಲ ಸರಿದಂತೆ ಬದಲಾಗುವ ಯಾವುದನ್ನೂ ಟ್ಯಾಗ್ ಮಾಡಬೇಡಿ.

ಹೆಜ್ಜೆ 1: ಕೆಲಸ ನಿಲ್ಲಿಸಿ, ನಕಲು ಇಟ್ಟುಕೊಳ್ಳಿ

ತಪಾಸಣೆ ಮುಗಿಯುವವರೆಗೆ ಹೊಸ ಟ್ಯಾಗ್ ಮಾಡಬಾರದು ಎಂದು ಅಂಗಡಿಯ ಎಲ್ಲರಿಗೂ ತಿಳಿಸಿ. ನಂತರ ಇಡೀ ಖಾತೆಯನ್ನು ಸಿಎಸ್‌ವಿ ಕಡತವಾಗಿ (ಎಕ್ಸೆಲ್‌ನಂಥದರಲ್ಲಿ ತೆರೆಯಬಹುದಾದ ಸರಳ ಪಟ್ಟಿ) ಇಳಿಸಿಕೊಳ್ಳಿ. ಚಂದಾದಾರರನ್ನು ಮಾತ್ರ ಇಳಿಸಿದರೆ ಸಾಲದು; ಮೇಲ್ ಬೇಡವೆಂದವರು, ವಿಳಾಸ ಸತ್ತು ಮೇಲ್ ವಾಪಸಾದವರು, ಎಲ್ಲರೂ ಬೇಕು. ಮೇಲ್‌ಚಿಂಪ್ ಇವರನ್ನೆಲ್ಲ ಬೇರೆ ಬೇರೆ ಕಡತಗಳಾಗಿ ಒಂದೇ ಜಿಪ್‌ನಲ್ಲಿ ಕೊಡುತ್ತದೆ. ಕಡತದ ಹೆಸರಿನಲ್ಲೇ ದಿನಾಂಕ ಹಾಕಿ, ಒಂದು ಪ್ರತಿಯನ್ನು ಮುಟ್ಟದೆ ಇಡಿ. ಟ್ಯಾಗ್ ಅಳಿಸಿದ ಮೇಲೆ ಅದು ಯಾರ್ಯಾರಿಗೆ ಇತ್ತು ಎಂದು ತಿಳಿಯಲು ಉಳಿಯುವುದು ಈ ಕಡತ ಮಾತ್ರ.

ಕನ್ನಡದಲ್ಲಿ ಟ್ಯಾಗ್ ಇಟ್ಟವರಿಗೆ ಒಂದು ಎಚ್ಚರಿಕೆ. ಸಿಎಸ್‌ವಿ ಕಡತವನ್ನು ಎಕ್ಸೆಲ್‌ನಲ್ಲಿ ನೇರವಾಗಿ ಎರಡು ಸಲ ಒತ್ತಿ ತೆರೆದರೆ ಕನ್ನಡ ಅಕ್ಷರಗಳು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುವುದುಂಟು. ಹಾಗೆಯೇ ಉಳಿಸಿಬಿಟ್ಟರೆ ಕೆಟ್ಟದ್ದು ಕೆಟ್ಟೇ ಹೋಗುತ್ತದೆ. ಡೇಟಾ ಮೆನುವಿನಿಂದ ಯುಟಿಎಫ್-8 ಎಂದು ಆರಿಸಿ ಒಳತನ್ನಿ, ಇಲ್ಲವೇ ಗೂಗಲ್ ಶೀಟ್ಸ್‌ಗೆ ಹಾಕಿ. ಎರಡನೆಯದು ಸಲೀಸು.

ಹೆಜ್ಜೆ 2: ಟ್ಯಾಗ್‌ಗಳ ಖಾತೆಪುಸ್ತಕ

ಇಳಿಸಿದ ಕಡತದಲ್ಲಿ ಒಬ್ಬ ಗ್ರಾಹಕರ ಎಲ್ಲ ಟ್ಯಾಗ್‌ಗಳೂ ಸಾಮಾನ್ಯವಾಗಿ ಒಂದೇ ಕೋಶದಲ್ಲಿ ಅಲ್ಪವಿರಾಮದಿಂದ ಬೇರ್ಪಟ್ಟು ಕುಳಿತಿರುತ್ತವೆ. ಗೂಗಲ್ ಶೀಟ್ಸ್‌ನಲ್ಲಿ ಸ್ಪ್ಲಿಟ್ ಸೂತ್ರದಿಂದ ಅವನ್ನು ಬಿಡಿಸಿ, ಫ್ಲಾಟನ್ ಸೂತ್ರದಿಂದ ಒಂದೇ ಕಂಬಸಾಲಿಗೆ ತಂದು, ಯೂನಿಕ್ ಸೂತ್ರದಿಂದ ಪುನರಾವರ್ತನೆ ತೆಗೆಯಿರಿ. ಪ್ರತಿಯೊಂದೂ ಎಷ್ಟು ಜನರಿಗಿದೆ ಎಂದು ಕೌಂಟಿಫ್ ಹೇಳುತ್ತದೆ. ಒಂದು ಸೂಕ್ಷ್ಮ ಗಮನಿಸಿ: ಯೂನಿಕ್ ಇಂಗ್ಲಿಷಿನ ದೊಡ್ಡ-ಸಣ್ಣ ಅಕ್ಷರಗಳನ್ನು ಬೇರೆಯೆಂದು ನೋಡುತ್ತದೆ, ಕೌಂಟಿಫ್ ನೋಡುವುದಿಲ್ಲ. ಹಾಗಾಗಿ ದೊಡ್ಡ ಅಕ್ಷರದ ವಿಐಪಿಗೂ ಸಣ್ಣ ಅಕ್ಷರದ ವಿಐಪಿಗೂ ಒಂದೇ ಸಂಖ್ಯೆ ಬಂದರೆ ಅದು ಎರಡರ ಒಟ್ಟು ಲೆಕ್ಕ. ಬಿಡಿ ಲೆಕ್ಕವನ್ನು ಖಾತೆಯೊಳಗೇ ನೋಡಿಕೊಳ್ಳಿ.

ಇಷ್ಟಾದ ಮೇಲೆ ಪ್ರತಿ ಟ್ಯಾಗ್‌ನ ಮುಂದೆ ಐದು ಕಾಲಂ ಎಳೆಯಿರಿ: ಎಷ್ಟು ಜನ, ಎಲ್ಲಿಂದ ಬರುತ್ತದೆ, ಕೊನೆಯದಾಗಿ ಯಾವ ಮೇಲ್‌ಗೆ ಬಳಸಿದ್ದು, ಯಾವ ಆಟೊಮೇಶನ್ ಇದನ್ನು ಹಿಡಿದಿದೆ, ತೀರ್ಮಾನ. ಮೊದಲನೆಯದನ್ನು ಶೀಟ್ ತುಂಬಿಸುತ್ತದೆ. ಉಳಿದ ನಾಲ್ಕಕ್ಕೆ ಮನುಷ್ಯರೇ ಬೇಕು. ಇಲ್ಲಿ ಬಿಲ್ ಮಾಡುವವರನ್ನು, ವೆಬ್‌ಸೈಟ್ ನೋಡಿಕೊಳ್ಳುವವರನ್ನು, ಯಜಮಾನರನ್ನು ಒಟ್ಟಿಗೆ ಕೂರಿಸಿ ಕೇಳುವುದು ಮೇಲು. ಬೇರೆ ಬೇರೆಯಾಗಿ ಕೇಳಿದರೆ ‘ವಿಐಪಿ’ ಎಂದರೆ ಒಬ್ಬರಿಗೆ ದೊಡ್ಡ ಬಿಲ್ ಮಾಡಿದವರು, ಇನ್ನೊಬ್ಬರಿಗೆ ಯಜಮಾನರ ನೆಂಟರು.

ಹೆಜ್ಜೆ 3: ಯಾವುದರ ಮೇಲೆ ಏನು ನಿಂತಿದೆ

ಇಡೀ ಕೆಲಸದಲ್ಲಿ ಅಪಾಯವಿರುವ ಜಾಗ ಇದು. ನಾಲ್ಕು ಕಡೆ ಹುಡುಕಬೇಕು. ಮೊದಲನೆಯದು ಆಟೊಮೇಶನ್‌ಗಳು: ಒಂದೊಂದನ್ನೂ ತೆರೆದು ಅದು ಯಾವ ಟ್ಯಾಗ್ ಸೇರಿದಾಗ ಶುರುವಾಗುತ್ತದೆ, ನಡುವೆ ಯಾವ ಟ್ಯಾಗ್ ಇದೆಯೇ ಎಂದು ಪರೀಕ್ಷಿಸುತ್ತದೆ, ಕೊನೆಗೆ ಯಾವುದನ್ನು ಹಾಕುತ್ತದೆ ಅಥವಾ ತೆಗೆಯುತ್ತದೆ ಎಂದು ಬರೆದುಕೊಳ್ಳಿ. ಎರಡನೆಯದು ಉಳಿಸಿಟ್ಟ ಸೆಗ್ಮೆಂಟ್‌ಗಳು. ಮೂರನೆಯದು ಫಾರ್ಮ್‌ಗಳು: ಫಾರ್ಮ್ ತುಂಬಿದವರಿಗೆ ತಾನಾಗಿ ಟ್ಯಾಗ್ ಹಚ್ಚುವ ವ್ಯವಸ್ಥೆ ಅಲ್ಲಿರುತ್ತದೆ. ನಾಲ್ಕನೆಯದು ಹೊರಗಿನ ಜೋಡಣೆಗಳು, ಅಂದರೆ ಬಿಲ್ಲಿಂಗ್ ಸಾಫ್ಟ್‌ವೇರ್, ಆನ್‌ಲೈನ್ ಅಂಗಡಿ, ಝೇಪಿಯರ್‌ನಂಥ, ಎರಡು ಸಾಧನಗಳ ನಡುವೆ ಮಾಹಿತಿ ದಾಟಿಸುವ ಮಧ್ಯವರ್ತಿ. ಜನ ಮರೆಯುವುದು ಈ ನಾಲ್ಕನೆಯದನ್ನೇ.

ಖಾತೆಯೊಳಗಿನ ಆಟೊಮೇಶನ್ ಸಾಮಾನ್ಯವಾಗಿ ಟ್ಯಾಗನ್ನು ಅದರ ಒಳಸಂಖ್ಯೆಯಿಂದ ಗುರುತಿಸುತ್ತದೆ. ಹೆಸರು ಬದಲಿಸಿದರೂ ಕೊಂಡಿ ಉಳಿಯುತ್ತದೆ. ಹೊರಗಿನ ಜೋಡಣೆಗಳಲ್ಲಿ ಹಲವು ಹೆಸರನ್ನೇ ಹಿಡಿಯುತ್ತವೆ. ಆ ಹೆಸರಿನ ಟ್ಯಾಗ್ ಸಿಗದಿದ್ದರೆ ಅದೇ ಹೆಸರಿನಲ್ಲಿ ಹೊಸದೊಂದನ್ನು ಹುಟ್ಟಿಸುತ್ತವೆ. ಶುಕ್ರವಾರ ಅಳಿಸಿದ ‘ದೀಪಾವಳಿ ಫೈನಲ್’ ಸೋಮವಾರ ಮತ್ತೆ ಕಾಣಿಸಿಕೊಂಡರೆ ಯಾರನ್ನೂ ಬೈಯಬೇಡಿ, ಜೋಡಣೆಯ ಸೆಟ್ಟಿಂಗ್ ತೆರೆದು ನೋಡಿ.

ಇದಕ್ಕಿಂತ ದೊಡ್ಡ ಎಡವಟ್ಟು ಟ್ಯಾಗ್‌ಗಳನ್ನು ವಿಲೀನ ಮಾಡುವಾಗ ಆಗುತ್ತದೆ. ನಮ್ಮ ಅಂಗಡಿಯಲ್ಲಿ ‘ಹೊಸ ಗ್ರಾಹಕ’ ಎಂಬ ಟ್ಯಾಗ್ ಸೇರಿದ ಕೂಡಲೇ ಸ್ವಾಗತದ ಮೇಲ್ ಮತ್ತು ಮೊದಲ ಖರೀದಿಯ ರಿಯಾಯಿತಿ ಕೂಪನ್ ಹೋಗುತ್ತದೆ ಎಂದಿಟ್ಟುಕೊಳ್ಳಿ. ಹಳೆಯ ‘ನ್ಯೂ ಕಸ್ಟಮರ್’ ಟ್ಯಾಗ್‌ನ ಜನರನ್ನೆಲ್ಲ ಇದಕ್ಕೆ ಸೇರಿಸಿದಿರಿ. ಸಾಧನಕ್ಕೆ ಇವರು ಹಳಬರೆಂದು ಗೊತ್ತಿಲ್ಲ. ಅದು ನೋಡುವುದು ಟ್ಯಾಗ್ ಈಗ ಸೇರಿತು ಎಂಬುದನ್ನು ಮಾತ್ರ. ಹತ್ತು ವರ್ಷದಿಂದ ಮನೆಯ ಎಲ್ಲ ಮದುವೆಗೂ ನಿಮ್ಮಲ್ಲೇ ಸೀರೆ ಕೊಂಡ ಕುಟುಂಬಕ್ಕೆ ‘ನಮ್ಮ ಅಂಗಡಿಗೆ ಮೊದಲ ಸಲ ಸ್ವಾಗತ’ ಎಂದು ಪತ್ರ ಹೋಗುತ್ತದೆ, ಕೂಪನ್ ಸಮೇತ. ಆದ್ದರಿಂದ ಯಾವುದೇ ಟ್ಯಾಗನ್ನು ಸಾಮೂಹಿಕವಾಗಿ ಹಚ್ಚುವ ಮೊದಲು ಅದಕ್ಕೆ ಜೋಡಿಸಿದ ಆಟೊಮೇಶನ್‌ಗಳನ್ನು ವಿರಾಮಕ್ಕೆ ಹಾಕಿ. ವಿರಾಮದಲ್ಲಿದ್ದಾಗ ಸೇರಿದವರು ಮತ್ತೆ ಚಾಲೂ ಮಾಡಿದಾಗ ಸಾಲಿನಲ್ಲಿ ನಿಂತಿರುತ್ತಾರೆಯೇ ಎಂಬುದು ಸಾಧನದಿಂದ ಸಾಧನಕ್ಕೆ ಬೇರೆ. ಅಂಗಡಿಯ ಒಳಗಿನ ಎರಡು ವಿಳಾಸ ಹಾಕಿ ಪರೀಕ್ಷಿಸಿದ ಮೇಲೆಯೇ ಮುಂದುವರಿಯಿರಿ.

ಹೆಜ್ಜೆ 4: ತೀರ್ಮಾನದ ಕಾಲಂ ತುಂಬುವುದು

ಪ್ರತಿ ಟ್ಯಾಗ್‌ಗೂ ಒಂದೇ ಪ್ರಶ್ನೆ ಕೇಳಿ: ಇದನ್ನು ನೋಡಿ ಯಾರಿಗೆ ಯಾವ ಮೇಲ್ ಕಳಿಸುತ್ತೀರಿ, ಅಥವಾ ಯಾರಿಗೆ ಕಳಿಸದೆ ಬಿಡುತ್ತೀರಿ? ಸ್ಪಷ್ಟ ಉತ್ತರವಿದ್ದರೆ ಉಳಿಸಿ. ಇನ್ನೊಂದು ಟ್ಯಾಗ್‌ಗೂ ಅದೇ ಉತ್ತರ ಬಂದರೆ ಎರಡನ್ನೂ ಸೇರಿಸಿ. ಉತ್ತರದಲ್ಲಿ ಊರು, ದಿನಾಂಕ, ಮೊತ್ತ ಬಂದರೆ ಕಾಲಂಗೆ ಸಾಗಿಸಿ. ಉತ್ತರವೇ ಇಲ್ಲದಿದ್ದರೆ ಅಳಿಸುವ ಸಾಲಿಗೆ. ‘ಮುಂದೆ ಯಾವಾಗಲಾದರೂ ಬೇಕಾಗಬಹುದು’ ಎಂಬುದು ಉತ್ತರವಲ್ಲ. ಅದಕ್ಕಾಗಿಯೇ ಮೊದಲ ಹೆಜ್ಜೆಯ ನಕಲು ಇದೆ.

ಊರಿನ ಟ್ಯಾಗ್‌ಗಳು ಬಹುತೇಕ ಕಾಲಂಗೆ ಹೋಗಬೇಕಾದವು, ಮತ್ತು ನಮ್ಮ ಭಾಗದಲ್ಲಿ ಅವು ವಿಶೇಷವಾಗಿ ತಲೆನೋವು. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. ಹಾಗಾಗಿ ಹಳೆಯ ಖಾತೆಯಲ್ಲಿ ಶಿಮೊಗ್ಗ-ಶಿವಮೊಗ್ಗ, ಹುಬ್ಳಿ-ಹುಬ್ಬಳ್ಳಿ, ತುಮಕೂರಿನ ಎರಡು ರೂಪ, ಎಲ್ಲವೂ ಸಿಗುತ್ತವೆ. ಜಿಲ್ಲೆಯ ಟ್ಯಾಗ್ ಇಟ್ಟವರ ಪಾಡು ಇನ್ನೂ ಕಷ್ಟ. ದಾವಣಗೆರೆ ಜಿಲ್ಲೆಯೇ 1997ರಲ್ಲಿ ಆದದ್ದು. ಆಗ ನಮ್ಮ ಜಿಲ್ಲೆಗೆ ಬಂದ ಹರಪನಹಳ್ಳಿ 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಅದಕ್ಕೆ ಸೇರಿತು. ಹರಪನಹಳ್ಳಿಯ ಗ್ರಾಹಕರಿಗೆ ‘ದಾವಣಗೆರೆ ಜಿಲ್ಲೆ’ ಎಂಬ ಟ್ಯಾಗ್ ಹಾಕಿದ್ದರೆ ಅದು ಈಗ ಸುಳ್ಳು. ಆದರೆ ಅವರ ಪಿನ್ ಕೋಡ್ 583131 ಇಷ್ಟೆಲ್ಲ ಆದರೂ ಅದೇ. ಪಿನ್ ಕೋಡ್ ಕಾಲಂ ಇಟ್ಟುಕೊಂಡರೆ ಜಿಲ್ಲೆ ಬೇಕಾದಾಗ ಅದರಿಂದ ಲೆಕ್ಕ ಹಾಕಬಹುದು. ಅಷ್ಟಕ್ಕೂ ಅಂಗಡಿಗೆ ಬಂದು ಕೊಳ್ಳುವ ದೂರದಲ್ಲಿದ್ದಾರೆಯೇ ಎಂಬುದು ವ್ಯಾಪಾರಕ್ಕೆ ಬೇಕಾದ ವಿಷಯ. ಹರಿಹರದವರು ಬರುತ್ತಾರೆ, ಬೆಂಗಳೂರಿನವರಿಗೆ ಕೊರಿಯರ್. ಯಾವ ಜಿಲ್ಲಾಧಿಕಾರಿಯ ವ್ಯಾಪ್ತಿ ಎಂಬುದು ಸೀರೆ ಮಾರುವವರಿಗೆ ಬೇಕಿಲ್ಲ.

ಹಬ್ಬದ ಟ್ಯಾಗ್‌ಗಳಲ್ಲಿ ವರ್ಷದ ಸಂಖ್ಯೆ ಹೊತ್ತವು ಬಹುತೇಕ ಅಳಿಸುವ ಸಾಲಿಗೆ ಹೋಗುತ್ತವೆ. ‘ದೀಪಾವಳಿ 2022’ ಹೇಳುವುದು ಆ ವರ್ಷ ಯಾರಿಗೆ ಮೇಲ್ ಕಳಿಸಿದೆವು ಎಂಬುದನ್ನಾದರೆ, ಆ ಮಾಹಿತಿ ಆ ಮೇಲ್‌ನ ವರದಿಯಲ್ಲೇ ಇದೆ. ಹಬ್ಬಕ್ಕೆ ಕೊಳ್ಳುವವರು ಯಾರು ಎಂಬುದನ್ನು ಹೇಳುವುದಾದರೆ ‘ದೀಪಾವಳಿ ಖರೀದಿ’ ಎಂಬ ಒಂದೇ ಟ್ಯಾಗ್ ಸಾಕು. ಐದೂ ಅದರಲ್ಲಿ ಸೇರಲಿ.

ಇಲ್ಲೊಂದು ವಿಷಯದಲ್ಲಿ ನನಗೆ ತಕರಾರಿದೆ. ‘ಹನ್ನೆರಡು ತಿಂಗಳಿಂದ ಬಳಸದ ಟ್ಯಾಗನ್ನು ಅಳಿಸಿ’ ಎಂಬ ನಿಯಮವನ್ನು ಎಲ್ಲರೂ ಉರು ಹೊಡೆದವರಂತೆ ಹೇಳುತ್ತಾರೆ. ದಾವಣಗೆರೆಯ ನಗರದೇವತೆ ದುಗ್ಗಮ್ಮನ ಜಾತ್ರೆ ನಡೆಯುವುದು ಎರಡು ವರ್ಷಕ್ಕೊಮ್ಮೆ. ಜಾತ್ರೆಯ ಹೊತ್ತಿಗೆ ಇಡೀ ಊರು ಹೊಸ ಬಟ್ಟೆ ಕೊಳ್ಳುತ್ತದೆ, ಬೇರೆ ಊರಿನಲ್ಲಿ ನೆಲೆಸಿದ ಮಕ್ಕಳು, ನೆಂಟರು ಬರುತ್ತಾರೆ. ಹಿಂದಿನ ಜಾತ್ರೆಯಲ್ಲಿ ಕೊಂಡವರ ಟ್ಯಾಗ್ ಇಡೀ ಒಂದು ವರ್ಷ ಸುಮ್ಮನೆ ಮಲಗಿರುತ್ತದೆ. ಹನ್ನೆರಡು ತಿಂಗಳ ನಿಯಮ ಹಿಡಿದರೆ ಮುಂದಿನ ಜಾತ್ರೆಗೆ ಸರಿಯಾಗಿ ಅದೇ ಇರುವುದಿಲ್ಲ. ನಿಮ್ಮ ವ್ಯಾಪಾರದ ಅತಿ ಉದ್ದದ ಆವರ್ತ ಯಾವುದೋ ಅದಕ್ಕೆ ತಕ್ಕಂತೆ ಗಡುವು ಇಟ್ಟುಕೊಳ್ಳಿ. ತರಬೇತಿ ಕೇಂದ್ರಕ್ಕೆ ಅದು ಸಿಇಟಿಯಿಂದ ಸಿಇಟಿಗೆ ಒಂದು ವರ್ಷ. ಜಾತ್ರೆ ನೆಚ್ಚಿದ ಅಂಗಡಿಗೆ ಎರಡು ವರ್ಷಕ್ಕಿಂತ ಸ್ವಲ್ಪ ಹೆಚ್ಚು.

‘ಆಕ್ಟಿವ್’, ‘ಮೇಲ್ ತೆರೆಯುವವರು’ ಎಂಬ ಟ್ಯಾಗ್‌ಗಳ ಬಗ್ಗೆ ಅನುಮಾನವಿರಲಿ. 2021ರ ಸೆಪ್ಟೆಂಬರ್‌ನಲ್ಲಿ ಐಒಎಸ್ 15ರೊಂದಿಗೆ ಆಪಲ್ ತನ್ನ ಮೇಲ್ ಆ್ಯಪ್‌ನಲ್ಲಿ ಒಂದು ಖಾಸಗಿತನ ರಕ್ಷಣೆಯನ್ನು ತಂದಿತು. ಅದನ್ನು ಚಾಲೂ ಮಾಡಿಕೊಂಡವರ ಮೇಲ್‌ನೊಳಗಿನ ಚಿತ್ರಗಳನ್ನು ಆಪಲ್‌ನ ಸರ್ವರ್ ತಾನೇ ಮೊದಲು ಇಳಿಸಿಕೊಳ್ಳುತ್ತದೆ. ಮೇಲ್ ತೆರೆದರೆಂದು ಲೆಕ್ಕ ಹಿಡಿಯುವುದೇ ಕಣ್ಣಿಗೆ ಕಾಣದ ಒಂದು ಚಿತ್ರದ ಮೂಲಕ. ಹಾಗಾಗಿ ಓದದವರೂ ಓದಿದವರ ಲೆಕ್ಕಕ್ಕೆ ಸೇರುತ್ತಾರೆ. ಲಿಂಕ್ ಒತ್ತಿದ್ದು, ಕೊಂಡದ್ದು, ಉತ್ತರ ಬರೆದದ್ದು, ಇವು ಗಟ್ಟಿ ಸಾಕ್ಷಿ. ತೆರೆದ ಲೆಕ್ಕದ ಮೇಲೆ ಕಟ್ಟಿದ ಟ್ಯಾಗ್ ಇದ್ದರೆ ಕೈಬಿಡಿ.

ಇನ್ನು ಅನುಮತಿಯ ಟ್ಯಾಗ್‌ಗಳು. ‘ಕಳಿಸಬೇಡಿ’ ಎಂಬುದರ ತಲೆಬುಡ ತಿಳಿಯದಿದ್ದರೂ ಅದನ್ನು ಅಳಿಸಬೇಡಿ. ಅದರಲ್ಲಿರುವವರನ್ನು ಸಾಧನದಲ್ಲೇ ಇರುವ ಅನ್‌ಸಬ್‌ಸ್ಕ್ರೈಬ್ ಸ್ಥಿತಿಗೆ ಬದಲಿಸಿದ ನಂತರವೇ ಟ್ಯಾಗ್ ತೆಗೆಯಿರಿ. ಮೇಲ್ ಬೇಡವೆಂದವರನ್ನು ಒಂದು ಟ್ಯಾಗ್‌ನ ಭರವಸೆಯಲ್ಲಿ ಬಿಡುವುದೇ ತಪ್ಪು. ಅವಸರದಲ್ಲಿ ಯಾರೋ ಆ ಟ್ಯಾಗನ್ನು ಹೊರಗಿಡಲು ಮರೆಯುತ್ತಾರೆ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ನಿರ್ದಿಷ್ಟ ಉದ್ದೇಶಕ್ಕೆ ಸೀಮಿತ, ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯಲು ಆಗಬೇಕು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ಬಿಲ್‌ಗಾಗಿ ಕೊಟ್ಟ ವಿಳಾಸಕ್ಕೆ ಆಫರ್ ಕಳಿಸಬಹುದೇ ಎಂಬ ಪ್ರಶ್ನೆಗೆ ಉತ್ತರ ಹೇಳಲು ‘ಒಪ್ಪಿಗೆ ಎಲ್ಲಿ, ಯಾವಾಗ’ ಎಂಬ ಕಾಲಂ ನಿಮ್ಮಲ್ಲಿರಬೇಕು.

ತನ್ನ ಬಗ್ಗೆ ಯಾವ ಮಾಹಿತಿ ಇಟ್ಟಿದ್ದೀರಿ ಎಂದು ಕೇಳುವ ಹಕ್ಕನ್ನೂ ಅದೇ ಕಾಯ್ದೆ ಕೊಡುತ್ತದೆ. ‘ಚೌಕಾಸಿ ಗಿರಾಕಿ’, ‘ತಕರಾರು ಪಾರ್ಟಿ’, ಜಾತಿಯ ಹೆಸರು, ಬಾಕಿ ಉಳಿಸಿಕೊಂಡವರೆಂಬ ಗುರುತು, ಇಂಥ ಟ್ಯಾಗ್‌ಗಳು ಇದ್ದರೆ ಇವತ್ತೇ ತೆಗೆಯಿರಿ. ಆ ಗ್ರಾಹಕರ ಎದುರು ಗಟ್ಟಿಯಾಗಿ ಓದಲಾಗದ ಟ್ಯಾಗ್ ನಿಮ್ಮ ಖಾತೆಯಲ್ಲಿ ಇರಬಾರದು.

ಹೆಜ್ಜೆ 5: ಒಂದೇ ಥರ ಕಂಡರೂ ಒಂದಲ್ಲದವು

ಇಂಗ್ಲಿಷ್ ಟ್ಯಾಗ್‌ಗಳಲ್ಲಿ ಸಮಸ್ಯೆ ದೊಡ್ಡ-ಸಣ್ಣ ಅಕ್ಷರ ಮತ್ತು ಹಿಂದೆ ಮುಂದೆ ಬಿದ್ದ ಖಾಲಿ ಜಾಗ. ಟ್ರಿಮ್, ಲೋಯರ್ ಸೂತ್ರಗಳು ಇವನ್ನು ಬಯಲಿಗೆ ತರುತ್ತವೆ. ಕನ್ನಡದಲ್ಲಿ ದೊಡ್ಡ-ಸಣ್ಣ ಅಕ್ಷರದ ಗೋಳಿಲ್ಲ, ಬೇರೆ ಗೋಳಿದೆ. ‘ಆನ್‌ಲೈನ್’ ಎಂದು ಸರಿಯಾಗಿ ಕಾಣಲು ನಡುವೆ ಕಣ್ಣಿಗೆ ಬೀಳದ ಒಂದು ಬೇರ್ಪಡಿಕೆ ಅಕ್ಷರ ಬೇಕು. ಕೆಲವರ ಕೀಲಿಮಣೆ ಅದನ್ನು ಹಾಕುತ್ತದೆ, ಕೆಲವರದು ಹಾಕದೆ ‘ಆನ್ಲೈನ್’ ಮಾಡುತ್ತದೆ. ಪದದ ಕೊನೆಯಲ್ಲಿ ಈ ಅಕ್ಷರ ಉಳಿದುಬಿಟ್ಟರಂತೂ ಎರಡು ಟ್ಯಾಗ್‌ಗಳು ತದ್ರೂಪಿಗಳಂತೆ ಕಾಣುತ್ತವೆ. ಓತ್ವ, ಈತ್ವಗಳ ದೀರ್ಘ ಚಿಹ್ನೆಯನ್ನೂ ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ಸಂಕೇತಗಳ ಜೋಡಣೆಯಾಗಿಯೂ ಬರೆಯಬಹುದು. ‘ಕೋಟು’ ಎಂಬ ಎರಡು ಟ್ಯಾಗ್‌ಗಳು ಪರದೆಯಲ್ಲಿ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ.

ಪತ್ತೆ ಹಚ್ಚುವುದು ಸುಲಭ. ಲೆನ್ ಸೂತ್ರ ಹಾಕಿ ಎರಡರ ಉದ್ದ ನೋಡಿ. ಕಣ್ಣಿಗೆ ಒಂದೇ ಆಗಿದ್ದು ಉದ್ದ ಬೇರೆ ಬಂದರೆ ಒಳಗೆ ಏನೋ ಅಡಗಿದೆ. ಟ್ರಿಮ್ ಸೂತ್ರಕ್ಕೆ ಆ ಅಡಗಿದ ಅಕ್ಷರ ಸಿಗುವುದಿಲ್ಲ. ಸಬ್‌ಸ್ಟಿಟ್ಯೂಟ್ ಸೂತ್ರದಲ್ಲಿ ಯುನಿಚಾರ್ 8204 ಎಂದು ಕೊಟ್ಟು ಹುಡುಕಬೇಕು. ಎಲ್ಲ ಕಡೆಯಿಂದ ಅದನ್ನು ಕಿತ್ತುಹಾಕುವ ಅಗತ್ಯವಿಲ್ಲ, ಕಿತ್ತರೆ ‘ಆನ್‌ಲೈನ್’ ಕೆಡುತ್ತದೆ. ಎರಡರಲ್ಲಿ ಸರಿಯಾದುದನ್ನು ಉಳಿಸಿ ಇನ್ನೊಂದನ್ನು ಅದಕ್ಕೆ ಸೇರಿಸಿದರಾಯಿತು.

ಹಳೆಯ ಕಡತಗಳಲ್ಲಿ ಇನ್ನೊಂದು ಜಾತಿಯ ಕಸ ಸಿಗುತ್ತದೆ. ಯುನಿಕೋಡ್ ರೂಢಿಯಾಗುವ ಮೊದಲು ನುಡಿ ಅಥವಾ ಬರಹದ ಫಾಂಟ್‌ನಲ್ಲಿ ಟೈಪಿಸಿದ ಹೆಸರು, ಊರುಗಳು ಇಮೇಲ್ ಸಾಧನದಲ್ಲಿ ತಲೆಯ ಮೇಲೆ ಗೆರೆ ಹೊತ್ತ ರೋಮನ್ ಅಕ್ಷರಗಳ ಸಾಲಾಗಿ ಕಾಣುತ್ತವೆ. ಅವನ್ನು ಹಾಳಾದ ದತ್ತಾಂಶವೆಂದು ಎಸೆಯಬೇಡಿ. ಪರಿವರ್ತಕದಲ್ಲಿ ಹಾಕಿದರೆ ಯುನಿಕೋಡ್ ಕನ್ನಡವಾಗಿ ವಾಪಸು ಸಿಗುತ್ತವೆ.

ಹೆಜ್ಜೆ 6: ಹೆಸರಿಡುವ ಕ್ರಮ

ಟ್ಯಾಗ್‌ನ ಮೊದಲ ಪದ ಅದರ ಜಾತಿ ಹೇಳಲಿ, ಎರಡನೆಯದು ವಿಷಯ ಹೇಳಲಿ. ‘ಆಸಕ್ತಿ-ಮೊಳಕಾಲ್ಮೂರು’, ‘ಆಸಕ್ತಿ-ಇಳಕಲ್’, ‘ಖರೀದಿ-ಜಾತ್ರೆ’, ‘ಖರೀದಿ-ದೀಪಾವಳಿ’, ‘ಮೂಲ-ಕೌಂಟರ್’, ‘ಮೂಲ-ವೆಬ್’, ‘ಬಗೆ-ಸಗಟು’. ಅಕಾರಾದಿಯಲ್ಲಿ ಜೋಡಿಸಿದಾಗ ಒಂದೇ ಜಾತಿಯವು ಒಟ್ಟಿಗೆ ಬರುತ್ತವೆ, ಹೊಸಬರಿಗೂ ಅರ್ಥವಾಗುತ್ತದೆ. ನಾಲ್ಕೈದು ಜಾತಿಗಿಂತ ಹೆಚ್ಚು ಬೇಕೆನಿಸಿದರೆ ಎಲ್ಲೋ ಕಾಲಂ ಆಗಬೇಕಾದದ್ದು ಟ್ಯಾಗ್ ಆಗಿದೆ.

ಕನ್ನಡದಲ್ಲೇ ಇಡಬೇಕೇ, ಇಂಗ್ಲಿಷಿನಲ್ಲೇ? ಬಿಲ್ಲಿಂಗ್ ಸಾಫ್ಟ್‌ವೇರ್ ಕನ್ನಡವನ್ನು ಸರಿಯಾಗಿ ದಾಟಿಸುತ್ತದೆಯೇ ಎಂದು ಒಂದು ಟ್ಯಾಗ್ ಹಾಕಿ ನೋಡಿ. ದಾಟಿಸಿದರೆ ಕನ್ನಡವೇ ಇರಲಿ, ಕೌಂಟರಿನಲ್ಲಿ ಕೂರುವವರಿಗೆ ಅದೇ ಸ್ಪಷ್ಟ. ಎರಡನ್ನೂ ಬೆರೆಸುವುದು ಮಾತ್ರ ಬೇಡ.

ಹೆಜ್ಜೆ 7: ಸೇರಿಸುವುದು, ಆಮೇಲೆ ಅಳಿಸುವುದು

ಕ್ರಮ ತಪ್ಪಬಾರದು. ಹೊಸ ಟ್ಯಾಗ್ ಮಾಡಿ; ಹಳೆಯ ಎರಡೂ ಟ್ಯಾಗ್‌ಗಳ ಜನರಿಗೆ ಹಚ್ಚಿ; ಸಂಖ್ಯೆ ತಾಳೆ ನೋಡಿ; ಆಟೊಮೇಶನ್, ಫಾರ್ಮ್, ಹೊರಗಿನ ಜೋಡಣೆಗಳನ್ನು ಹೊಸದಕ್ಕೆ ತಿರುಗಿಸಿ; ಹಳೆಯದನ್ನು ಕೊನೆಗೆ ಮುಟ್ಟಿ.

ತಾಳೆ ನೋಡುವಾಗ ಗಾಬರಿಯಾಗುವವರಿದ್ದಾರೆ. ‘ದೀಪಾವಳಿ’ ಟ್ಯಾಗ್‌ನಲ್ಲಿ 412 ಜನ, ‘ದೀಪಾವಳಿ ಆಫರ್’ನಲ್ಲಿ 268 ಜನ ಇದ್ದರೆ ಸೇರಿಸಿದ ಮೇಲೆ 680 ಬರಬೇಕೆಂದು ಕಾಯುತ್ತಾರೆ. ಎರಡರಲ್ಲೂ ಇದ್ದವರು 95 ಜನರಾದರೆ ಬರುವುದು 585. ಆ 95 ಎಷ್ಟೆಂದು ಮೊದಲೇ ಸೆಗ್ಮೆಂಟ್ ಮಾಡಿ ನೋಡಿಟ್ಟುಕೊಂಡಿದ್ದರೆ ಲೆಕ್ಕ ಅಲ್ಲೇ ಮುಗಿಯುತ್ತದೆ. ನೋಡಿಟ್ಟುಕೊಳ್ಳದಿದ್ದರೆ ಜನ ಕಳೆದುಹೋದರೋ ಎಂಬ ಸಂಶಯ ಬಿಡುವುದಿಲ್ಲ.

ಹಳೆಯ ಟ್ಯಾಗನ್ನು ತಕ್ಷಣ ಅಳಿಸುವ ಬದಲು ಹೆಸರಿನ ಮುಂದೆ ‘ಅಳಿಸಲಿದೆ’ ಎಂದು ಸೇರಿಸಿ ಒಂದು ತಿಂಗಳು ಬಿಡಿ. ಆ ತಿಂಗಳಲ್ಲಿ ಅದಕ್ಕೆ ಹೊಸ ಜನ ಸೇರುತ್ತಿದ್ದರೆ ಎಲ್ಲೋ ಒಂದು ಕೊಂಡಿ ಉಳಿದಿದೆ ಎಂದರ್ಥ. ಹಳೆಯ ಹೆಸರಿನಲ್ಲೇ ಹೊಸ ಟ್ಯಾಗ್ ಹುಟ್ಟಿದರೆ ಹೊರಗಿನ ಜೋಡಣೆ ಉಳಿದಿದೆ. ಎರಡೂ ಆಗದಿದ್ದರೆ ಅಳಿಸಿ.

ಟ್ಯಾಗ್ ಅಳಿಸುವುದಕ್ಕೂ ಗ್ರಾಹಕರನ್ನು ಅಳಿಸುವುದಕ್ಕೂ ಅಜಗಜಾಂತರ. ಶುಚಿ ಮಾಡುವ ಉತ್ಸಾಹದಲ್ಲಿ ‘ಬೇಡವೆಂದವರು ಇಲ್ಲಿ ಯಾಕೆ’ ಎಂದು ಅವರನ್ನೇ ತೆಗೆದುಹಾಕಿದರೆ, ಮುಂದಿನ ಸಲ ಬಿಲ್ಲಿಂಗ್ ಪಟ್ಟಿ ಒಳತಂದಾಗ ಅವರು ಹೊಸಬರಾಗಿ ಮರಳಿ ಬರುವ ಅಪಾಯವಿದೆ. ಬೇಡ ಎಂದಿದ್ದು ನೆನಪಿಡಲು ಸಾಧನಕ್ಕೆ ಆ ವಿಳಾಸ ಬೇಕು. ತನ್ನ ಮಾಹಿತಿಯನ್ನೇ ಅಳಿಸಿ ಎಂದು ಗ್ರಾಹಕರು ಕೇಳಿದರೆ ಆ ಮಾತು ಬೇರೆ, ಆಗ ಅಳಿಸಲೇಬೇಕು.

ಒಂದು ಟ್ಯಾಗ್ ತಪ್ಪಾದರೆ ಏನು ಮಹಾ ಎನ್ನುವವರಿಗೆ ಒಂದು ಲೆಕ್ಕ. 2024ರ ಫೆಬ್ರವರಿಯಿಂದ ಜಿಮೇಲ್ ಬಳಕೆದಾರರಿಗೆ ದಿನಕ್ಕೆ 5,000 ಅಥವಾ ಅದಕ್ಕಿಂತ ಹೆಚ್ಚು ಮೇಲ್ ಕಳಿಸುವವರು ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ, ಮೇಲ್ ನಿಜವಾಗಿ ನಿಮ್ಮಿಂದಲೇ ಬಂದದ್ದೆಂದು ತೋರಿಸುವ ಮೂರೂ ವ್ಯವಸ್ಥೆಗಳನ್ನು ಹೊಂದಿಸಿರಬೇಕು, ಒಂದೇ ಒತ್ತಿಗೆ ಅನ್‌ಸಬ್‌ಸ್ಕ್ರೈಬ್ ಆಗುವಂತಿರಬೇಕು, ಸ್ಪ್ಯಾಮ್ ಎಂಬ ದೂರಿನ ಪ್ರಮಾಣ 0.3 ಶೇಕಡಾ ಮುಟ್ಟಬಾರದು. ಸಾವಿರ ಮೇಲ್‌ಗೆ ಮೂರು ದೂರು ಬಂದರೆ ಗಡಿ ತಲುಪಿದಂತೆ. ತಪ್ಪು ಟ್ಯಾಗ್ ನೋಡಿ ಸಂಬಂಧವಿಲ್ಲದವರಿಗೆ ಸಗಟು ದರಪಟ್ಟಿ ಹೋದರೆ ಮೂರು ಜನ ಸ್ಪ್ಯಾಮ್ ಒತ್ತುವುದು ಕಷ್ಟವೇನಲ್ಲ.

ಹೆಜ್ಜೆ 8: ಮತ್ತೆ ಬೆಳೆಯದಂತೆ

ಟ್ಯಾಗ್ ಮಾಡುವ ಅಧಿಕಾರ ಒಬ್ಬರಿಗೇ ಇರಲಿ. ಉಳಿದವರು ಇರುವುದರಿಂದ ಆರಿಸಿಕೊಳ್ಳಲಿ. ಕೌಂಟರಿನ ಫಾರ್ಮಿನಲ್ಲಿ ಊರನ್ನು ಟೈಪ್ ಮಾಡುವ ಜಾಗ ತೆಗೆದು, ಪಿನ್ ಕೋಡ್ ಕೇಳಿ. ಆರು ಅಂಕಿಯಲ್ಲಿ ಕಾಗುಣಿತದ ತಪ್ಪು ಆಗುವುದಿಲ್ಲ. ವಸ್ತುಪ್ರದರ್ಶನಕ್ಕೆಂದು ತಾತ್ಕಾಲಿಕ ಟ್ಯಾಗ್ ಬೇಕಾದರೆ ಅದರ ಹೆಸರಿನಲ್ಲೇ ಕೊನೆಯ ತಿಂಗಳು ಹಾಕಿ: ‘ತಾತ್ಕಾಲಿಕ-ಮಳಿಗೆ-ಮಾರ್ಚ್‌ವರೆಗೆ’. ಎರಡನೇ ಹೆಜ್ಜೆಯ ಶೀಟನ್ನೇ ಖಾಯಂ ಖಾತೆಪುಸ್ತಕ ಮಾಡಿಕೊಳ್ಳಿ. ಅಲ್ಲಿ ಬರೆಯದ ಟ್ಯಾಗ್ ಖಾತೆಯಲ್ಲಿ ಕಂಡರೆ ಅದು ಅನಧಿಕೃತ.

ಮೂರು ತಿಂಗಳಿಗೊಮ್ಮೆ ಟ್ಯಾಗ್ ಪಟ್ಟಿಯನ್ನು ಸಂಖ್ಯೆಯ ಏರಿಕೆ ಕ್ರಮದಲ್ಲಿ ಜೋಡಿಸಿ ನೋಡಿ. ಹತ್ತಕ್ಕಿಂತ ಕಡಿಮೆ ಜನರಿರುವವು ಬಹುಪಾಲು ಕಾಗುಣಿತದ ತಪ್ಪುಗಳು ಅಥವಾ ಯಾರೋ ಪರೀಕ್ಷೆಗೆ ಹಾಕಿದವು. ದೊಡ್ಡ ತಪಾಸಣೆ ವರ್ಷಕ್ಕೊಮ್ಮೆ ಸಾಕು. ಜವಳಿಯವರು ಆಷಾಢದ ರಿಯಾಯಿತಿ ಮಾರಾಟ ಶುರುವಾಗುವ ಮೊದಲೇ ಇದನ್ನು ಮುಗಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಶ್ರಾವಣದಿಂದ ದೀಪಾವಳಿಯವರೆಗೆ ಯಾರಿಗೂ ಕೈ ಬಿಡುವಿರುವುದಿಲ್ಲ, ಮತ್ತು ಆ ದಿನಗಳಲ್ಲಿ ಓಡುತ್ತಿರುವ ಆಟೊಮೇಶನ್‌ಗೆ ಕೈಹಾಕಲೂ ಬಾರದು. ತರಬೇತಿ ಕೇಂದ್ರಗಳವರು ಪ್ರವೇಶ ಪ್ರಕ್ರಿಯೆ ಮುಗಿದ ಮೇಲೆ ಇಟ್ಟುಕೊಳ್ಳಲಿ.